ಪುಲ್ ಮಾಡಿದಾಗ ಚರಿತ್ರೆಗೆ ಏನಾಗುತ್ತೆ?

ಬಿಟಿಎಂ ಲೇಔಟಿನ ನಮ್ಮ ಆಫೀಸಿನಲ್ಲಿ ಒಂದು ಶುಕ್ರವಾರ ಸಂಜೆ ಸಹೋದ್ಯೋಗಿ ಬಂದು ಕೇಳಿದ: "ಗುರೂ, ನನ್ನ ಕಮಿಟ್‌ಗಳೆಲ್ಲ ಲಾಗ್‌ನಲ್ಲಿ ಎರಡೆರಡು ಸಲ ಕಾಣ್ತಿವೆ. ಏನ್ ಮಾಡ್ದೆ?"

ತಪ್ಪು ನನ್ನದೇ. ನಾವಿಬ್ಬರೂ ಬಳಸುತ್ತಿದ್ದ ಬ್ರಾಂಚನ್ನು ಚೊಕ್ಕ ಮಾಡೋಣ ಅಂತ ರೀಬೇಸ್ ಮಾಡಿ, ಫೋರ್ಸ್ ಪುಶ್ ಒತ್ತಿದ್ದೆ. ರೀಬೇಸ್ ಅಂದ್ರೆ ಅದೇ ಬದಲಾವಣೆಗಳನ್ನು ಹೊಸ ಹ್ಯಾಶ್ ಕೊಟ್ಟು ಮತ್ತೆ ಬರೆಯೋದು. ಅವನ ಲ್ಯಾಪ್‌ಟಾಪಿನಲ್ಲಿ ಹಳೆಯವೇ ಇದ್ದವು. ಅವನು ಪುಲ್ ಮಾಡಿದಾಗ ಗಿಟ್ ಹಳತು, ಹೊಸತು ಎರಡನ್ನೂ ಬೇರೆ ಬೇರೆ ಅಂತಲೇ ತಿಳಿದು ಮರ್ಜ್ ಮಾಡಿಬಿಟ್ಟಿತು.

ಪುಲ್ ಎಂಬುದು ಒಂದೇ ಕೆಲಸವಲ್ಲ. ಮೊದಲು ಫೆಚ್, ಆಮೇಲೆ ಜೋಡಿಸುವುದು. ಜೋಡಿಸಲು ಮರ್ಜ್ ಯಾಕೆ ರೂಢಿಯಾಯಿತು ಅನ್ನೋದಕ್ಕೆ 2005ಕ್ಕೆ ಹೋಗಬೇಕು. ಲಿನಕ್ಸ್ ಕರ್ನಲ್‌ನವರಿಗೆ ಬಿಟ್‌ಕೀಪರ್ ಪುಕ್ಕಟೆ ಸಿಗುವುದು ನಿಂತಾಗ, ಲಿನಸ್ ಟೊರ್ವಾಲ್ಡ್ಸ್ ಏಪ್ರಿಲ್‌ನಲ್ಲಿ ಗಿಟ್ ಬರೆಯಲು ಕೂತರು. ಕರ್ನಲ್‌ನಲ್ಲಿ ಒಂದೊಂದು ಭಾಗಕ್ಕೂ ಒಬ್ಬೊಬ್ಬ ಉಸ್ತುವಾರಿ. ಅವರವರ ಕೆಲಸವನ್ನು ಲಿನಸ್ ಎಳೆದುಕೊಳ್ಳುತ್ತಿದ್ದರು. ಯಾವ ಕೆಲಸ ಎಲ್ಲಿಂದ ಬಂತು ಅನ್ನೋದಕ್ಕೆ ಅಲ್ಲಿ ಮರ್ಜ್ ಕಮಿಟ್ಟೇ ದಾಖಲೆ.

ನಾಲ್ಕು ಜನರ ಟೀಮಿನಲ್ಲಿ ದಿನಾ ಬೆಳಿಗ್ಗೆ ಪುಲ್ ಮಾಡಿದರೆ ಅದೇ ದಾಖಲೆ ಕಸದ ಹಾಗೆ ಕಾಣುತ್ತೆ. 2020ರ ಜೂನ್‌ನಲ್ಲಿ ಬಂದ ಗಿಟ್ 2.27 ಎಚ್ಚರಿಕೆ ಕೊಡಲು ಶುರು ಮಾಡಿತು. 2021ರಿಂದ, ಎರಡೂ ಕಡೆ ಬೇರೆ ಬೇರೆ ಕಮಿಟ್ ಇದ್ದರೆ ಪುಲ್ ನಿಂತುಬಿಡುತ್ತೆ: ಮರ್ಜೋ, ರೀಬೇಸೋ, ನೀವೇ ಹೇಳಿ.

ಜಯನಗರದಲ್ಲಿ ಓಡಾಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಬ್ಲಾಕು, ಮೇನು, ಕ್ರಾಸುಗಳ ಲೆಕ್ಕಾಚಾರದ ನಡುವೆ ಯಡಿಯೂರು ಅನ್ನೋ ಹಳ್ಳಿಯ ಹೆಸರು, ಅದರ ಕೆರೆ ಇನ್ನೂ ಉಳಿದಿವೆ. ಬಡಾವಣೆ ಆಮೇಲೆ ಬಂದು ಸೇರಿದ್ದು ಅಂತ ನೋಡಿದರೇ ತಿಳಿಯುತ್ತೆ. ಅದು ಮರ್ಜ್. ಹೆಸರು, ಕೆರೆ ಎಲ್ಲ ಅಳಿಸಿ, ಮೊದಲಿಂದಲೂ ಇಲ್ಲಿ ಸೈಟುಗಳೇ ಇದ್ದವು ಅಂತ ನಕ್ಷೆ ಬರೆದರೆ ರೀಬೇಸ್. ನಕ್ಷೆ ಚೆಂದ ಕಾಣುತ್ತೆ. ಆದರೆ ಹಳೇ ವಿಳಾಸ ಹಿಡಿದು ಬಂದವನು ಅಲೆಯಬೇಕು.

ಆ ರಾತ್ರಿ ಇಬ್ಬರೂ ಕೂತು, ರಿಫ್ಲಾಗ್‌ನಲ್ಲಿ ಹಳೇ ಕಮಿಟ್ ಹುಡುಕಿ ಬ್ರಾಂಚನ್ನು ವಾಪಸ್ ತಂದೆವು. ಅಂದಿನಿಂದ ನಮ್ಮಲ್ಲೊಂದು ನಿಯಮ: ಪುಶ್ ಮಾಡದಿರುವ ಸ್ವಂತ ಕಮಿಟ್‌ಗಳನ್ನು ಎಷ್ಟು ಬೇಕಾದರೂ ರೀಬೇಸ್ ಮಾಡಿ. ಇನ್ನೊಬ್ಬರ ಕೈಗೆ ಹೋದ ಚರಿತ್ರೆಯನ್ನು ಮುಟ್ಟುವ ಮುಂಚೆ ಅವರನ್ನೊಂದು ಮಾತು ಕೇಳಿ.