ಮಾರಿಕುಪ್ಪಂನ ಉಕ್ಕಿನ ನುಣುಪು

ಬಂಗಾರಪೇಟೆಯಿಂದ ಹೊರಟ ರೈಲುದಾರಿಯು ಕೊನೆಗೊಳ್ಳುವ ಮಾರಿಕುಪ್ಪಂನ ಆಸುಪಾಸಿನಲ್ಲಿ, 1880ರಲ್ಲಿ ಜಾನ್ ಟೇಲರ್ ಸಂಸ್ಥೆಯವರು ಗಣಿಗಾರಿಕೆಯನ್ನು ಕೈಗೊಂಡಂದಿನಿಂದ ದೊರೆತ ಸುವರ್ಣದ ವೃತ್ತಾಂತವನ್ನು ಬರೆದವರು ಅನೇಕರಾದರೂ, ಮನುಷ್ಯರನ್ನು ಭೂಗರ್ಭಕ್ಕಿಳಿಸಿ ಮೇಲೆತ್ತುವಂಥ ಯಂತ್ರಗಳ ಉಕ್ಕನ್ನು ಲೇತಿನ ಮೇಲೆ ಕಡೆದು ನಯಗೊಳಿಸುವ ವಿದ್ಯೆಯನ್ನು ಸ್ಮರಿಸಿದವರು ವಿರಳ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 90 ಮೈಲಿಗಳನ್ನು ಕ್ರಮಿಸಿ ಗಣಿಯ ಯಂತ್ರಗಳಿಗಾಗಿ ಇಲ್ಲಿಗೆ ಬಂದಿತು. ಇಲ್ಲಿನ ಚಾಂಪಿಯನ್ ರೀಫ್ ಗಣಿಯು ಕಾಲಕ್ರಮದಲ್ಲಿ 3,000 ಮೀಟರಿಗೂ ಮಿಗಿಲಾಗಿ ಆಳಕ್ಕಿಳಿಯಿತು. ಅಂಥ ಆಳದಿಂದ ಭಾರವನ್ನೆತ್ತುವ ಯಂತ್ರದ ಅಚ್ಚು ಒರಟಾಗಿದ್ದರೆ ಬೇರಿಂಗು ಕಾದು ಸವೆಯುವುದಷ್ಟೇ ಅಲ್ಲ, ಉಳಿಯು ಬಿಟ್ಟ ಸೂಕ್ಷ್ಮವಾದ ಗೀರೇ ಬಿರುಕಿನ ಬೀಜವಾಗಬಲ್ಲುದು. ಆದುದರಿಂದ ನುಣುಪನ್ನು ನಾನು ಅಲಂಕಾರವೆಂದೆಣಿಸದೆ ಪ್ರಾಣರಕ್ಷಣೆಯ ಅಂಗವೆಂದೇ ಎಣಿಸುತ್ತೇನೆ.

ಹಿಂದಿನ ಇಂಗಾಲದುಕ್ಕಿನ ಉಳಿಗಳು ಶಾಖಕ್ಕೆ ಮೆತ್ತಗಾಗುತ್ತಿದ್ದುದರಿಂದ ಲೇತನ್ನು ಮಂದಗತಿಯಲ್ಲಿಯೇ ತಿರುಗಿಸಬೇಕಾಗಿತ್ತು. ಆ ಮಂದಗತಿಯಲ್ಲಿ ಮೆದು ಉಕ್ಕಿನ ಕಣಗಳು ಉಳಿಯ ಅಲಗಿಗೆ ಬೆಸೆದುಕೊಂಡು, ಮತ್ತೆ ಕಳಚಿ, ಕಡೆಯುವ ಉಕ್ಕಿನ ಮೈಯನ್ನು ಹರಿದುಹಾಕುತ್ತಿದ್ದುವು. ಅಲಗನ್ನು ಎಣ್ಣೆಗಲ್ಲಿನ ಮೇಲೆ ಮಸೆದು, ಮೂತಿಯನ್ನು ದುಂಡಗೆ ಅಥವಾ ಅಗಲವಾಗಿ ಮಾಡಿ, ಎಣ್ಣೆಯನ್ನೋ ಸಾಬೂನುನೀರನ್ನೋ ಎರೆಯುತ್ತ, ಕಡೆಯ ಸುತ್ತಿನಲ್ಲಿ ಕೂದಲೆಳೆಯಷ್ಟು ಮಾತ್ರ ತೆಗೆಯುವುದೇ ಇದಕ್ಕೆ ಪರಿಹಾರವಾಗಿತ್ತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಮೆರಿಕದ ಟೇಲರ್ ಮತ್ತು ವೈಟ್ ಎಂಬವರು ತೋರಿಸಿದ ಶೀಘ್ರಗತಿಯ ಉಕ್ಕು, ಕೆಂಪಗೆ ಕಾದರೂ ಗಡಸುತನವನ್ನು ಬಿಡದೆ, ಈ ಮಂದಗತಿಯ ನಿರ್ಬಂಧವನ್ನು ಕ್ರಮೇಣ ಸಡಿಲಿಸಿತು. ಆದರೂ ಉಳಿಯು ಅದುರಿದರೆ ಯಾವ ಉಕ್ಕೂ ನುಣುಪನ್ನು ಕೊಡಲಾರದು. ಉಳಿಯನ್ನು ಗಿಡ್ಡವಾಗಿ ಬಿಗಿಯುವ ವಿವೇಕವು ಅಂದಿಗೂ ಇಂದಿಗೂ ಒಂದೇ.

ಗಣಿಗಳು 2001ರಲ್ಲಿ ಮುಚ್ಚಿದುವು. ಆದರೂ 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯ ಕಾರ್ಖಾನೆಯಿಂದಾಗಿ ಯಂತ್ರನಿರ್ಮಾಣದ ಉದ್ಯಮವು ಈ ಪ್ರದೇಶದಲ್ಲಿ ಇನ್ನೂ ನೆಲೆಸಿದೆ.