ಗುಜರಿಯಿಂದ ಎದ್ದ ಲಿಬರೇಟರ್‌ಗಳು: ಬೆಂಗಳೂರಿನ ದುರಸ್ತಿಕಾರ್ಯ ಮತ್ತು ವಿಮಾನ ಸಂರಕ್ಷಣೆಯ ಚರಿತ್ರೆ

ಹಳೆಯ ವಿಮಾನವನ್ನು ಉಳಿಸಲು ಅದನ್ನು ಪ್ರದರ್ಶನಕ್ಕಿಡುವ ಅಂಗಳಕ್ಕಿಂತ ಮೊದಲು ಅದನ್ನು ಬಿಚ್ಚಿ ಜೋಡಿಸಬಲ್ಲ ನುರಿತ ಕೈಗಳು ಬೇಕು ಎಂಬುದು ದಕ್ಷಿಣ ಭಾರತದ ವಿಮಾನಯಾನ ಚರಿತ್ರೆಯನ್ನು ಗಮನಿಸಿದಾಗ ಸ್ಪಷ್ಟವಾಗುತ್ತದೆ. ಎರಡನೆಯ ಮಹಾಯುದ್ಧದ ಲಿಬರೇಟರ್ ಬಾಂಬರ್‌ಗಳಲ್ಲಿ ಇಂದು ಜಗತ್ತಿನಲ್ಲಿ ಉಳಿದಿರುವವು ಬೆರಳೆಣಿಕೆಯಷ್ಟೇ ಆಗಿದ್ದು, ಅವುಗಳಲ್ಲಿ ಹಲವು ಉಳಿದದ್ದು ಬೆಂಗಳೂರಿನ ಕಾರ್ಖಾನೆಯೊಂದರ ಕೆಲಸಗಾರರಿಂದ ಎಂಬ ಸಂಗತಿ ಕರ್ನಾಟಕದಲ್ಲಿಯೇ ಹೆಚ್ಚು ಜನರಿಗೆ ತಿಳಿದಿಲ್ಲ.

ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ವಿಮಾನ ತಯಾರಿಕೆಯ ಉದ್ದೇಶದಿಂದ ಆರಂಭವಾದರೂ, ಯುದ್ಧ ತೀವ್ರವಾದಂತೆ ಅದು ಮಿತ್ರರಾಷ್ಟ್ರಗಳ ದೊಡ್ಡ ದುರಸ್ತಿ ಕೇಂದ್ರವಾಗಿ ಮಾರ್ಪಟ್ಟಿತು. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ಇಲ್ಲಿ ದುರಸ್ತಿ ಪಡೆಯುತ್ತಿದ್ದವು. ಯುದ್ಧ ಮುಗಿದ ಬಳಿಕ ಸೈನ್ಯದ ಡಕೋಟಾಗಳನ್ನು ಪ್ರಯಾಣಿಕರ ವಿಮಾನಗಳಾಗಿ ಮಾರ್ಪಡಿಸುವ ಕೆಲಸವೂ ಇಲ್ಲಿ ನಡೆಯಿತು.

ಲಿಬರೇಟರ್‌ಗಳು ಭಾರತದಲ್ಲಿ ಉಳಿದುಕೊಂಡದ್ದಕ್ಕೆ ಯುದ್ಧಕಾಲದ ಒಂದು ಒಪ್ಪಂದವೇ ಕಾರಣ. ಅಮೆರಿಕವು ಮಿತ್ರರಾಷ್ಟ್ರಗಳಿಗೆ ಯುದ್ಧಸಾಮಗ್ರಿಯನ್ನು ಎರವಲು ಕೊಡುತ್ತಿದ್ದ ಲೆಂಡ್-ಲೀಸ್ ಎಂಬ ಈ ವ್ಯವಸ್ಥೆಯ ಪ್ರಕಾರ, ಯುದ್ಧ ಮುಗಿದಾಗ ವಿಮಾನಗಳನ್ನು ಹಿಂದಿರುಗಿಸಬೇಕಿತ್ತು ಅಥವಾ ಬಳಕೆಗೆ ಬಾರದಂತೆ ಮಾಡಬೇಕಿತ್ತು. ಹೀಗಾಗಿ ಬ್ರಿಟಿಷ್ ವಾಯುಪಡೆ ಕಾನ್ಪುರದಲ್ಲಿ ಸಾಲಾಗಿ ನಿಲ್ಲಿಸಿದ್ದ ಈ ನಾಲ್ಕು ಎಂಜಿನ್‌ಗಳ ಬಾಂಬರ್‌ಗಳಿಗೆ ಉದ್ದೇಶಪೂರ್ವಕವಾಗಿ ಹಾನಿ ಮಾಡಿ, ಅಲ್ಲಿಯೇ ಬಿಟ್ಟುಹೋಗಿತ್ತು. ಸ್ವಾತಂತ್ರ್ಯಾನಂತರ ಭಾರಿ ಬಾಂಬರ್‌ಗಳ ಅಗತ್ಯವಿದ್ದರೂ ಕೊಳ್ಳುವ ಶಕ್ತಿ ಇಲ್ಲದ ಭಾರತೀಯ ವಾಯುಪಡೆಯು ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನ ಮೊರೆಹೋಯಿತು. ಸಂಸ್ಥೆಯ ತಂತ್ರಜ್ಞರು ಕಾನ್ಪುರಕ್ಕೆ ಹೋಗಿ, ಒಂದು ವಿಮಾನದ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ, ಒಂದೊಂದನ್ನೂ ಬೆಂಗಳೂರಿನವರೆಗೆ ಒಮ್ಮೆ ಹಾರುವಷ್ಟು ಮಟ್ಟಿಗೆ ಸಿದ್ಧಪಡಿಸಿದರು. ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಷಿ ಅವುಗಳನ್ನು ಬೆಂಗಳೂರಿಗೆ ಹಾರಿಸಿ ತಂದರು. ಸಂಪೂರ್ಣ ಪುನರ್ನಿರ್ಮಾಣಗೊಂಡ ಸುಮಾರು 40 ಲಿಬರೇಟರ್‌ಗಳು 1948ರ ಅಂತ್ಯದಿಂದ ಸೇವೆಗೆ ಸೇರಿ, ಬಾಂಬರ್‌ಗಳಾಗಿಯೂ ಸಮುದ್ರದ ಮೇಲಿನ ಗಸ್ತು ವಿಮಾನಗಳಾಗಿಯೂ 1968ರವರೆಗೆ ಹಾರಿದವು.

ಯುದ್ಧಕಾಲದಲ್ಲಿ ಈ ಮಾದರಿಯ 18,000ಕ್ಕೂ ಹೆಚ್ಚು ವಿಮಾನಗಳು ತಯಾರಾಗಿದ್ದರೂ, ಅಮೆರಿಕ ಮತ್ತು ಬ್ರಿಟನ್‌ಗಳು ತಮ್ಮ ಲಿಬರೇಟರ್‌ಗಳನ್ನು ಬಹುಪಾಲು ಕರಗಿಸಿಬಿಟ್ಟಿದ್ದರಿಂದ, ಭಾರತ ಸೇವೆಯಿಂದ ಕೈಬಿಟ್ಟ ವಿಮಾನಗಳೇ ವಿದೇಶಿ ಸಂಗ್ರಹಾಲಯಗಳ ಪಾಲಿಗೆ ಅಮೂಲ್ಯವಾದವು. ಒಂದು 1968ರಲ್ಲಿ ಕೆನಡಾಕ್ಕೆ, ಇನ್ನೊಂದು 1969ರಲ್ಲಿ ಅಮೆರಿಕದ ಅರಿಜೋನಾದ ಪೀಮಾ ಸಂಗ್ರಹಾಲಯಕ್ಕೆ, ಮತ್ತೊಂದು 1974ರಲ್ಲಿ ಬ್ರಿಟನ್ನಿಗೆ ತಲುಪಿದವು. ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಸಂಗ್ರಹಾಲಯದಲ್ಲಿಯೂ ಒಂದು ಉಳಿದಿದೆ. ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನಕ್ಕೆ ಸೇರಿದ ಮತ್ತೊಂದು ವಿಮಾನ 1989ರಲ್ಲಿ ಪುನಃ ಆಕಾಶಕ್ಕೇರಿತು. ಒಮ್ಮೆ ಗುಜರಿಯೆಂದು ತೀರ್ಮಾನವಾಗಿದ್ದ ಈ ವಿಮಾನಗಳು ಪರಂಪರೆಯ ವಸ್ತುಗಳಾದದ್ದು ಸಂರಕ್ಷಣೆಯ ಯೋಜನೆಯಿಂದಲ್ಲ, ಇಪ್ಪತ್ತು ವರ್ಷಗಳ ಕಾಲ ಎಡೆಬಿಡದೆ ನಡೆದ ನಿತ್ಯದ ದುರಸ್ತಿಯಿಂದ.

ಸ್ವದೇಶಿ ವಿನ್ಯಾಸದ ವಿಮಾನಗಳ ಕಥೆ ಇದಕ್ಕಿಂತ ಭಿನ್ನವಾಗಿದೆ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನವನ್ನು ಮುನ್ಷಿ ಅವರೇ 1951ರಲ್ಲಿ ಮೊದಲು ಹಾರಿಸಿದರೆ, ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ತಂಡ ಬೆಂಗಳೂರಿನಲ್ಲಿ ರೂಪಿಸಿದ ಎಚ್‌ಎಫ್-24 ಮಾರುತ್ ಯುದ್ಧವಿಮಾನವನ್ನು ಸುರಂಜನ್ ದಾಸ್ 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿಸಿದರು; ಅದೇ ಮಾದರಿಯ ವಿಮಾನದ ಅಪಘಾತದಲ್ಲಿ 1970ರಲ್ಲಿ ಮಡಿದ ಅವರ ಹೆಸರನ್ನು ನಗರದ ಒಂದು ರಸ್ತೆ ಹೊತ್ತಿದೆ. ತಯಾರಾದ 147 ಮಾರುತ್‌ಗಳಲ್ಲಿ ಕೆಲವು ಮಾತ್ರ ಇಂದು ಉಳಿದಿವೆ. ಒಂದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯದ ಆವರಣದಲ್ಲಿಯೂ, ಒಂದು 2001ರಲ್ಲಿ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ಆರಂಭವಾದ ಎಚ್‌ಎಎಲ್ (ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನ ಇಂದಿನ ರೂಪ) ಪರಂಪರಾ ಕೇಂದ್ರದಲ್ಲಿಯೂ, ಒಂದು ಜರ್ಮನಿಯ ಮ್ಯೂನಿಕ್ ಬಳಿಯ ಶ್ಲೈಸ್‌ಹೈಮ್‌ನ ಸಂಗ್ರಹಾಲಯದಲ್ಲಿಯೂ ಇವೆ.

ಆದರೆ ಹೀಗೆ ಪ್ರದರ್ಶನಕ್ಕಿಟ್ಟರೂ ಬಯಲಿನಲ್ಲಿ ನಿಂತ ವಿಮಾನ ನಿಧಾನವಾಗಿ ನಾಶವಾಗುತ್ತದೆ. ವಿಮಾನದ ಒಡಲಿಗೆ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹ ಕಬ್ಬಿಣದಂತೆ ಕೆಂಪಾಗಿ ತುಕ್ಕು ಹಿಡಿಯದಿದ್ದರೂ, ತಗಡುಗಳ ಬೆಸುಗೆಯಿಲ್ಲದ ಜೋಡಣೆಗಳಲ್ಲಿ, ರಿವೆಟ್‌ಗಳ ಸುತ್ತ ಮಳೆನೀರು ನಿಂತಾಗ ಬಿಳಿಯ ಪುಡಿಯಾಗಿ ಒಳಗಿನಿಂದಲೇ ಸವೆಯುತ್ತದೆ. ಮೇಲಿನ ಹೊಸ ಬಣ್ಣ ಈ ಸವೆತವನ್ನು ಮುಚ್ಚಿಡುವುದಲ್ಲದೆ ತಡೆಯುವುದಿಲ್ಲ. ಬಿಸಿಲಿಗೆ ಟಯರು ಸೀಳುತ್ತದೆ, ಚಾಲಕ ಕೋಣೆಯ ಪಾರದರ್ಶಕ ಮುಚ್ಚಳ ಮಂಜಾಗುತ್ತದೆ. ಕಾರವಾರದ ಕಡಲತೀರದಲ್ಲಿ ಪ್ರದರ್ಶನಕ್ಕಿಟ್ಟಿರುವ ನೌಕಾಪಡೆಯ ಟುಪೊಲೆವ್-142ರಂಥ ದೊಡ್ಡ ವಿಮಾನಕ್ಕೆ ಉಪ್ಪುಗಾಳಿಯ ಕಾಟವೂ ಸೇರುತ್ತದೆ. ಸಾಗಣೆಯೂ ಅಪಾಯಕರವೇ: 2016ರ ಏಪ್ರಿಲ್‌ನಲ್ಲಿ ಹೈದರಾಬಾದಿನ ಬೇಗಂಪೇಟೆಯಲ್ಲಿ, ತರಬೇತಿಯ ಬಳಕೆಗೆಂದು ಸಾಗಿಸುತ್ತಿದ್ದ ನಿವೃತ್ತ ಏರ್‌ಬಸ್ ಎ-320 ವಿಮಾನವೊಂದು ಕ್ರೇನ್ ಕುಸಿದು ನೆಲಕ್ಕುರುಳಿತು.

ಆದುದರಿಂದ ಸಂಗ್ರಹಾಲಯದ ಹೊಣೆ ವಿಮಾನವನ್ನು ತಂದು ನಿಲ್ಲಿಸುವುದರೊಂದಿಗೆ ಮುಗಿಯುವುದಿಲ್ಲ. ಅದಕ್ಕೆ ಹ್ಯಾಂಗರ್, ಅಂದರೆ ವಿಮಾನ ನಿಲ್ಲುವಷ್ಟು ವಿಶಾಲವಾದ ಸೂರು ಬೇಕು. ಒಡಲನ್ನು ಕಾಲಕಾಲಕ್ಕೆ ಬಿಚ್ಚಿ ಪರೀಕ್ಷಿಸುವ ಕಮ್ಮಟ ಬೇಕು. ವಿನ್ಯಾಸದ ನಕ್ಷೆಗಳೂ, ಪ್ರತಿ ಹಾರಾಟವನ್ನು ದಾಖಲಿಸಿದ ಲಾಗ್ ಪುಸ್ತಕಗಳೂ ವಿಮಾನದ ಜೊತೆಯಲ್ಲಿಯೇ ಉಳಿಯಬೇಕು. ಮಾರುತ್‌ನ ಜೋಡಣೆಯಲ್ಲಿ ಕೈಯಾಡಿಸಿದ ಕೆಲಸಗಾರರ ಅರಿವನ್ನು ಅವರು ಇರುವಾಗಲೇ ದಾಖಲಿಸಬೇಕು, ಏಕೆಂದರೆ ನಕ್ಷೆಯಲ್ಲಿ ಬರೆಯದ ಎಷ್ಟೋ ಜಾಣ್ಮೆ ಅವರ ಅನುಭವದಲ್ಲಿ ಮಾತ್ರ ಇದೆ. ಹಾಳುಗೆಡವಲ್ಪಟ್ಟ ಪರದೇಶದ ಬಾಂಬರ್‌ಗಳನ್ನು ಜಗತ್ತಿಗಾಗಿ ಉಳಿಸಿಕೊಟ್ಟ ಊರಿಗೆ ತಾನೇ ವಿನ್ಯಾಸಗೊಳಿಸಿದ ವಿಮಾನಗಳನ್ನು ಮಳೆಬಿಸಿಲಿನಿಂದ ಕಾಪಾಡುವ ಸಾಮರ್ಥ್ಯವಿದೆ. ಬೇಕಾಗಿರುವುದು ಆ ಕೆಲಸವನ್ನು ತಯಾರಿಕೆಯಷ್ಟೇ ಗೌರವದ ಕಸುಬೆಂದು ಒಪ್ಪಿ, ಅದಕ್ಕೆ ಹಣವನ್ನೂ ಜನರನ್ನೂ ಮೀಸಲಿಡುವ ನಿರ್ಧಾರ.