ತೂಗಾಡುತ್ತಲೇ ಗುರಿಯಿಡುವ ದೂರದರ್ಶಕ: ಬಲೂನು ಖಗೋಳವಿಜ್ಞಾನದ ಎಂಟು ದಶಕ

2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದ ಮನೆಯೊಂದರ ಮೇಲೆ ಬೃಹತ್ ಬಲೂನೊಂದು ಬಂದಿಳಿದು ಊರವರನ್ನು ಗಾಬರಿಗೊಳಿಸಿತು. ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಹೈದರಾಬಾದಿನಿಂದ ಹಾರಿಬಿಟ್ಟ ಸಂಶೋಧನಾ ಬಲೂನು. ಅಲ್ಲಿಂದ ಏರಿದ ಬಲೂನುಗಳು ಸಾಮಾನ್ಯವಾಗಿ 200ರಿಂದ 350 ಕಿ.ಮೀ. ತೇಲಿ ಇಳಿಯುತ್ತವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಊರುಗಳು ಹೈದರಾಬಾದಿಗೆ ನೈಋತ್ಯದಲ್ಲಿ, ನೇರ ಅಳತೆಯಲ್ಲಿ 300ರಿಂದ 340 ಕಿ.ಮೀ. ದೂರದಲ್ಲಿರುವುದರಿಂದ ಈ ವ್ಯಾಪ್ತಿಯೊಳಗೇ ಬರುತ್ತವೆ. ಆದರೆ ಗಾಳಿ ಹೆಚ್ಚಾಗಿ ಪಶ್ಚಿಮಕ್ಕೆ ಬೀಸುವುದರಿಂದ ಮುನ್ನೆಚ್ಚರಿಕೆಯ ಪ್ರಕಟಣೆಗಳಲ್ಲಿ ಬೀದರ್, ಕಲಬುರಗಿ, ಯಾದಗಿರಿ, ವಿಜಯಪುರಗಳ ಹೆಸರು ಕಾಣುತ್ತದೆ. ಉಪಗ್ರಹಗಳ ಈ ಕಾಲದಲ್ಲೂ ಬಲೂನು ಏಕೆ ಬೇಕು ಎಂಬ ಪ್ರಶ್ನೆ ಪ್ರತಿ ಬಾರಿಯೂ ಏಳುತ್ತದೆ. ಬಲೂನು ಎಷ್ಟು ಎತ್ತರಕ್ಕೆ ಹೋಯಿತು, ಏನು ಕಂಡುಹಿಡಿಯಿತು ಎಂಬುದರಿಂದಷ್ಟೇ ಈ ಕ್ಷೇತ್ರವನ್ನು ಅಳೆದರೆ ಉತ್ತರ ಸಿಗದು. ಹಾರಾಟದಲ್ಲಿ ಉಪಕರಣ ಹೇಗೆ ನಡೆದುಕೊಂಡಿತು ಎಂಬ ದಾಖಲೆಯೇ ಅದರ ಮುಖ್ಯ ಗಳಿಕೆ. ಭಾರತದ ಬಾಹ್ಯಾಕಾಶ ದೂರದರ್ಶಕಕ್ಕೆ ಹಾಕಿದ ತಳಪಾಯದಲ್ಲಿ ಆ ದಾಖಲೆಯ ಪಾಲು ದೊಡ್ಡದು.

1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಐದು ಕಿ.ಮೀ.ಗೂ ಮೇಲೇರಿ, ಎತ್ತರ ಹೆಚ್ಚಿದಂತೆ ವಿಕಿರಣವೂ ಹೆಚ್ಚುವುದನ್ನು ಅಳೆದರು. ವಿಶ್ವಕಿರಣಗಳ ಅಧ್ಯಯನ ಶುರುವಾದದ್ದು ಅಲ್ಲಿಂದ. 1939–40ರಲ್ಲಿ ರಾಬರ್ಟ್ ಮಿಲಿಕನ್ ತಂಡ ಬೆಂಗಳೂರಿನಿಂದಲೂ ಬಲೂನು ಹಾರಿಸಿತು. ಅವರು ಇಷ್ಟು ದೂರ ಬರಲು ಕಾರಣವಿತ್ತು. ಭೂಮಿಯ ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಸಮೀಪ ಹಾದುಹೋಗುತ್ತದೆ. ಅಲ್ಲಿ ಕಾಂತಕ್ಷೇತ್ರ ಕಡಿಮೆ ಶಕ್ತಿಯ ಕಣಗಳನ್ನು ಹೊರಗೇ ತಡೆಯುತ್ತದೆ. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಹೋಮಿ ಭಾಭಾ ಈ ಅನುಕೂಲವನ್ನು ಚೆನ್ನಾಗಿ ಅರಿತಿದ್ದರು. 1945ರಲ್ಲಿ ಟಿಐಎಫ್‌ಆರ್ ಶುರುವಾದದ್ದೂ ಅದೇ ಆವರಣದಲ್ಲಿ. ಅದೇ ವರ್ಷ ಅದು ಮುಂಬೈಗೆ ಹೋಯಿತು. ಮುಂದೆ ದೂರದರ್ಶಕ ಹಾರಿಸುವವರಿಗೂ ಇದೇ ನೆಲ ಒದಗಿಬಂತು. ಕ್ಷೀಣ ಎಕ್ಸ್-ಕಿರಣ ಮೂಲವನ್ನು ನೋಡುವಾಗ ಶೋಧಕವನ್ನು ಕಾಡುವುದು ವಿಶ್ವಕಿರಣಗಳು ಎಬ್ಬಿಸುವ ಹಿನ್ನೆಲೆ ಗದ್ದಲ, ಮತ್ತು ಆ ಗದ್ದಲ ದಖ್ಖನ್ನಿನ ಮೇಲೆ ಉತ್ತರದ ದೇಶಗಳಿಗಿಂತ ಕಡಿಮೆ.

ಅನುಕೂಲದ ಜೊತೆಗೆ ತೊಡಕೂ ಬಂತು. ಉಷ್ಣವಲಯದಲ್ಲಿ ಸುಮಾರು 16–17 ಕಿ.ಮೀ. ಎತ್ತರದಲ್ಲಿ ಗಾಳಿಯ ಉಷ್ಣತೆ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿಗೆ ಇಳಿಯುತ್ತದೆ. ಬೇರೆ ದೇಶಗಳಲ್ಲಿ ಚೆನ್ನಾಗಿ ಹಾರುವ ಪಾಲಿಥೀನ್ ಹಾಳೆ ಈ ಚಳಿಯಲ್ಲಿ ಪೆಡಸಾಗಿ, ಏರುವಾಗಲೇ ಸೀಳಿಹೋಗಬಹುದು. ಅದಕ್ಕಾಗಿ ಟಿಐಎಫ್‌ಆರ್ ಈ ಚಳಿ ತಾಳುವ ಹಾಳೆಯನ್ನೇ ರೂಪಿಸಿಕೊಂಡು ಬಲೂನುಗಳನ್ನು ತಾನೇ ತಯಾರಿಸತೊಡಗಿತು. 2014ರಲ್ಲಿ ಕೇವಲ 3.8 ಮೈಕ್ರಾನ್ ದಪ್ಪದ ಹಾಳೆಯ ಬಲೂನು 51.83 ಕಿ.ಮೀ. ಎತ್ತರ ಮುಟ್ಟಿತು. ಆದರೆ ಅಷ್ಟು ತೆಳುವಾದ ಬಲೂನು ಹಗುರ ಹೊರೆಯನ್ನಷ್ಟೇ ಹೊರುತ್ತದೆ. ನೂರಾರು ಕಿಲೊ ತೂಗುವ ದೂರದರ್ಶಕ 30ರಿಂದ 40 ಕಿ.ಮೀ. ಎತ್ತರದಲ್ಲೇ ಕೆಲಸ ಮಾಡಬೇಕು.

ಅಲ್ಲಿಗೆ ತಲುಪಿದ ಮೇಲೆ ನಿಜವಾದ ಪರೀಕ್ಷೆ. ಬಾವಿಗೆ ಇಳಿಬಿಟ್ಟ ಕೊಡ ಹಗ್ಗದ ತುದಿಯಲ್ಲಿ ತೂಗುತ್ತ ತಿರುಗುವಂತೆ ಉಪಕರಣದ ಚೌಕಟ್ಟೂ ಬಲೂನಿನಡಿ ಓಲಾಡುತ್ತದೆ. ಐವತ್ತು ಮೀಟರ್ ಹಗ್ಗವಾದರೆ ಒಂದು ಓಲಾಟಕ್ಕೆ ಸುಮಾರು 14 ಸೆಕೆಂಡು. ತಿರುಗುವುದನ್ನು ಕಾಲೂರಿ ನಿಲ್ಲಿಸಲು ಅಲ್ಲಿ ನೆಲವಿಲ್ಲ. ಭಾರದ ಚಕ್ರವೊಂದನ್ನು ತಿರುಗಿಸಿ, ಅದರ ಪ್ರತಿಬಲದಿಂದ ಚೌಕಟ್ಟನ್ನು ಹಿಡಿದಿಡಬೇಕು. ಟಿಐಎಫ್‌ಆರ್‌ ತಂಡ 1968ರಲ್ಲಿ ಹೈದರಾಬಾದಿನಿಂದ ಬಲೂನು ಹಾರಿಸಿ ಸ್ಕಾರ್ಪಿಯಸ್ ಎಕ್ಸ್-1 ಎಂಬ ಎಕ್ಸ್-ಕಿರಣ ಮೂಲವನ್ನು ಅಳೆಯಿತು. ಆ ಕೆಲಸದ ಮುಂಚೂಣಿಯಲ್ಲಿದ್ದವರು ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್. ಅದರ ನಾಲ್ಕು ದಶಕಗಳ ನಂತರ, 2008ರ ಏಪ್ರಿಲ್ 14ರಂದು, ಭಾರತದ ಬಾಹ್ಯಾಕಾಶ ದೂರದರ್ಶಕವಾದ ಆಸ್ಟ್ರೊಸ್ಯಾಟ್‌ ಉಪಗ್ರಹಕ್ಕೆಂದು ಸಿದ್ಧವಾಗುತ್ತಿದ್ದ ಲ್ಯಾಕ್ಸ್‌ಪಿಸಿ ಎಂಬ ಎಕ್ಸ್-ಕಿರಣ ಶೋಧಕದ ಎರಡು ಮಾದರಿಗಳು ಬಲೂನಿನಲ್ಲಿ ಸುಮಾರು 41 ಕಿ.ಮೀ. ಎತ್ತರಕ್ಕೆ ಹೋದವು. ಮೊದಲೇ ಹೇಳಿಕೊಟ್ಟ ದಿಕ್ಕಿಗೆ ತಾನೇ ತಿರುಗುವ ವೇದಿಕೆಯ ಮೇಲೆ ಕೂತು ಅವು ಸಿಗ್ನಸ್ ಎಕ್ಸ್-1 ಎಂಬ ಕಪ್ಪುಕುಳಿ–ನಕ್ಷತ್ರ ಜೋಡಿಯನ್ನು ಸುಮಾರು ಮೂರು ಗಂಟೆ ನೋಡಿದವು. ಉಪಗ್ರಹದ ಶೋಧಕದ ನೋಟ 1 ಡಿಗ್ರಿಯಷ್ಟು ಅಗಲ. ಬಲೂನಿನಲ್ಲಿ ಹೋದದ್ದರ ನೋಟ 3 ಡಿಗ್ರಿ. ಓಲಾಡುವ ವೇದಿಕೆಯಲ್ಲಿ ಗುರಿ ಒಂದಿಷ್ಟು ಜರುಗಿದರೂ ಅಗಲವಾದ ನೋಟದಿಂದ ಮೂಲ ತಪ್ಪಿಹೋಗುವುದಿಲ್ಲ. ಆ ದಿನ ದೊರೆತ ದೊಡ್ಡ ಲಾಭ ಹಿನ್ನೆಲೆ ಗದ್ದಲದ ಎಣಿಕೆ. ಶೋಧಕ ನಿಜವಾದ ವಿಕಿರಣದ ನಡುವೆ ಹೇಗೆ ವರ್ತಿಸುತ್ತದೆಂಬುದು ಆಸ್ಟ್ರೊಸ್ಯಾಟ್ ಏರುವುದಕ್ಕೆ ಏಳು ವರ್ಷ ಮೊದಲೇ ಗೊತ್ತಾಯಿತು. ಆ ಉಪಗ್ರಹ 2015ರ ಸೆಪ್ಟೆಂಬರ್ 28ರಂದು ಕಕ್ಷೆ ಸೇರಿತು.

ದೂರದ ಅವಗೆಂಪು ಬೆಳಕಿನಲ್ಲಿ ಕಷ್ಟ ಬೇರೆ ಬಗೆಯದು. ಅಲ್ಲಿ ದೂರದರ್ಶಕದ ಕನ್ನಡಿಯೇ ಬಿಸಿಯಿಂದ ಹೊಳೆಯುತ್ತದೆ. ಟಿಐಎಫ್‌ಆರ್‌ನ ಒಂದು ಮೀಟರ್ ಅಗಲದ ಬಲೂನು ದೂರದರ್ಶಕ ತನ್ನ ಚಿಕ್ಕ ಕನ್ನಡಿಯನ್ನು ಕ್ಷಣಕ್ಷಣಕ್ಕೂ ಅಲುಗಿಸಿ ಆಕಾಶದ ಅಕ್ಕಪಕ್ಕದ ಎರಡು ತುಣುಕುಗಳನ್ನು ಹೋಲಿಸುತ್ತದೆ. ಎರಡರಲ್ಲೂ ಸಮನಾಗಿರುವ ಬಿಸಿ ಕಳೆದುಹೋಗಿ, ನಕ್ಷತ್ರ ಹುಟ್ಟುವ ಮೋಡದ ಬೆಳಕಷ್ಟೇ ಉಳಿಯುತ್ತದೆ. ಶೋಧಕಗಳನ್ನು ನಿರಪೇಕ್ಷ ಶೂನ್ಯಕ್ಕಿಂತ 0.3 ಡಿಗ್ರಿಯಷ್ಟೇ ಮೇಲಿನ ಚಳಿಯಲ್ಲಿಡುತ್ತಾರೆ. ಮುಂದೆ ಜಪಾನಿನ ವಿಜ್ಞಾನಿಗಳ ರೋಹಿತಮಾಪಕವನ್ನು ಇದಕ್ಕೆ ಜೋಡಿಸಿ 158 ಮೈಕ್ರಾನ್ ಆಸುಪಾಸಿನ ಇಂಗಾಲದ ರೇಖೆಯನ್ನು ಅಳೆದರು. ಅಯಾನಾದ ಇಂಗಾಲ ಹೊರಸೂಸುವ ಈ ಬೆಳಕನ್ನು ವಾಯುಮಂಡಲದ ನೀರಾವಿ ನೆಲದವರೆಗೆ ಬಿಡುವುದಿಲ್ಲ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು: ಕೆಲವು ಗಂಟೆಗಳ ಹಾರಾಟದಿಂದ ಏನು ಸಾಧ್ಯ? 40 ಕಿ.ಮೀ. ಮೇಲೂ ಗಾಳಿ ಪೂರ್ತಿ ಮುಗಿದಿಲ್ಲವಲ್ಲ? ಈ ಮಾತು ನಿಜವೇ. ಅಲ್ಲಿನ ಒತ್ತಡ ನೆಲದ ಒತ್ತಡದ ಶೇ 0.3ರ ಸುತ್ತಮುತ್ತ ಇದ್ದರೂ ಸುಮಾರು 20 ಕಿಲೊ ಎಲೆಕ್ಟ್ರಾನ್ ವೋಲ್ಟ್‌ಗಿಂತ ಕಡಿಮೆ ಶಕ್ತಿಯ ಎಕ್ಸ್-ಕಿರಣಗಳನ್ನು ನುಂಗಲು ಆ ಗಾಳಿ ಸಾಕು. ಅದಕ್ಕೇ ಲ್ಯಾಕ್ಸ್‌ಪಿಸಿಯ ವ್ಯಾಪ್ತಿ 3ರಿಂದ 80 ಕಿಲೊ ಎಲೆಕ್ಟ್ರಾನ್ ವೋಲ್ಟ್ ಆದರೂ ಅದರ ಕೆಳಭಾಗವನ್ನು ಬಲೂನಿನಿಂದ ಪರೀಕ್ಷಿಸಲಾಗದು. ಉಪಗ್ರಹದ ಜಾಗವನ್ನು ಬಲೂನು ತುಂಬಬೇಕೆಂದು ಯಾರೂ ವಾದಿಸುತ್ತಿಲ್ಲ. ಕಕ್ಷೆ ಸೇರಿದ ಉಪಕರಣದ ತಪ್ಪನ್ನು ಸಾಮಾನ್ಯವಾಗಿ ಯಾರೂ ಕೈಹಾಕಿ ಸರಿಪಡಿಸಲಾರರು. ಬಲೂನಿನಿಂದ ಇಳಿದದ್ದನ್ನು ಬಿಚ್ಚಿ ನೋಡಿ ಮತ್ತೆ ಹಾರಿಸಬಹುದು. ಜರ್ಮನಿಯ ನೇತೃತ್ವದ ಸೂರ್ಯ ದೂರದರ್ಶಕ ಸನ್‌ರೈಸ್-3 ಇದಕ್ಕೆ ಒಳ್ಳೆಯ ಸಾಕ್ಷಿ. ಸ್ವೀಡನ್ನಿನಿಂದ 2022ರಲ್ಲಿ ಹಾರಿದಾಗ ತಾಂತ್ರಿಕ ದೋಷದಿಂದ ಅದು ಸೂರ್ಯನತ್ತ ಗುರಿಯಿಡಲಾಗದೆ ಬೇಗ ಇಳಿಯಿತು; ದುರಸ್ತಿಯಾಗಿ 2024ರಲ್ಲಿ ಯಶಸ್ವಿಯಾಗಿ ಹಾರಿತು.

ಎರಡನೆಯ ಆಕ್ಷೇಪ ಇಳಿಯುವಾಗಿನ ಅಪಾಯದ್ದು. 2023ರಲ್ಲಿ ನ್ಯೂಜಿಲೆಂಡಿನಿಂದ ಹೊರಟ ಸೂಪರ್‌ಬಿಟ್ ದೂರದರ್ಶಕ ಸುಮಾರು 40 ದಿನ ಹಾರಿ ಅತಿ ಸ್ಪಷ್ಟ ಚಿತ್ರಗಳನ್ನು ಕೊಟ್ಟಿತು. ಆದರೆ ಅರ್ಜೆಂಟೀನಾದಲ್ಲಿ ಇಳಿಯುವಾಗ ನುಚ್ಚುನೂರಾಯಿತು. ಮಾಹಿತಿ ಉಳಿದದ್ದು, ಅದನ್ನು ತುಂಬಿದ ಪುಟ್ಟ ಪೆಟ್ಟಿಗೆಗಳನ್ನು ಮೊದಲೇ ಪ್ಯಾರಾಶೂಟಿನಲ್ಲಿ ಕೆಳಗೆ ಬಿಟ್ಟಿದ್ದರಿಂದ. ಅರ್ಜೆಂಟೀನಾದ ಜನ ವಿರಳವಾದ ಪ್ಯಾಟಗೋನಿಯಾದಲ್ಲಿ ನಡೆಯುವುದು ಊರುಗಳು ದಟ್ಟವಾಗಿರುವ ಕಲ್ಯಾಣ ಕರ್ನಾಟಕದಲ್ಲಿ ಹಾಗೆಯೇ ನಡೆಯದು. ಇಲ್ಲಿ ಮುನ್ಸೂಚನೆ ಇನ್ನೂ ಬಿಗಿಯಾಗಬೇಕು, ಗ್ರಾಮ ಪಂಚಾಯಿತಿವರೆಗೂ ಕನ್ನಡದಲ್ಲಿ ತಲುಪಬೇಕು. ಅಪಾಯ ತಗ್ಗಿಸುವ ಇನ್ನೊಂದು ದಾರಿಯನ್ನು ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯ ತನ್ನ ಕೇಂದ್ರದಿಂದ ತೋರಿಸಿದೆ. ಕೆಲವೇ ಕಿಲೊ ತೂಕದ ಉಪಕರಣ, ರಬ್ಬರ್ ಬಲೂನು, ಅಂಗಡಿಯಲ್ಲಿ ಸಿಗುವ ಆರ್ಡುಯಿನೊ ನಿಯಂತ್ರಕದಿಂದ ಗುರಿಯಿಡುವ ವ್ಯವಸ್ಥೆ: ವಿದ್ಯಾರ್ಥಿಗಳು ಕಲಿಯಲು ಇಷ್ಟು ಸಾಕು. ಅದೇ ಸಂಸ್ಥೆ ಅಗ್ಗದ ರಾಸ್ಪ್‌ಬೆರಿ ಪೈ ಬಳಸಿ ಕಟ್ಟಿದ ನಕ್ಷತ್ರ ಸಂವೇದಕ 2023ರ ಏಪ್ರಿಲ್‌ನಲ್ಲಿ ಪಿಎಸ್‌ಎಲ್‌ವಿ ರಾಕೆಟ್ಟಿನ ಕೊನೆಯ ಹಂತದ ಮೇಲೆ ಕಕ್ಷೆಗೂ ಹೋಯಿತು.

ಹೀಗಾಗಿ ಬಲೂನನ್ನು ಹಳೆಯ ಕಾಲದ ತಂತ್ರವೆಂದು ಬದಿಗಿಡುವುದು ದುಡುಕು. ಗುರಿ, ಗದ್ದಲ, ಚಳಿ ಈ ಮೂರನ್ನೂ ಆಕಾಶದಲ್ಲೇ ಅಳೆದು ಕೈಗೆ ಮರಳಿಸುವ ಸಾಧನಗಳು ತೀರಾ ಕಡಿಮೆ. ಮರಳಿಸುವ ಕೆಲಸದಲ್ಲಿ ನಮ್ಮ ಭಾಗದ ಜನರ ಪಾತ್ರವೂ ಇದೆ. ಹೊಲದಲ್ಲಿ ಬಣ್ಣದ ಪ್ಯಾರಾಶೂಟಿನೊಂದಿಗೆ ಪೆಟ್ಟಿಗೆ ಕಂಡರೆ ಬಿಚ್ಚಬೇಡಿ, ಮುಟ್ಟಬೇಡಿ. ಒಳಗೆ ಅಧಿಕ ವೋಲ್ಟೇಜ್ ಇರಬಹುದು. ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ, ಅದರ ಮೇಲೆ ಬರೆದ ಸಂಖ್ಯೆಗೆ ಕರೆ ಮಾಡಿ. ಒಂದು ಹಾರಾಟದ ಪೂರ್ತಿ ಫಲ ಆ ಪೆಟ್ಟಿಗೆಯಲ್ಲೇ ಇರಬಹುದು.